ಕಾಪರ್‌ಮೈನ್ ನದಿಯ ಅಳಿವೆ

ಶಾಲೆಯ ಅಟ್ಲಾಸ್‌ನಲ್ಲಿ ಆ ನದಿಗೆ ಹೆಸರೇ ಇರಲಿಲ್ಲ. ಕೆನಡಾದ ಪುಟದ ಮೇಲ್ತುದಿಯಲ್ಲಿ, ಹಸಿರು ಬಣ್ಣ ಮುಗಿದು ಬೂದಿ ಬಣ್ಣ ಶುರುವಾಗುವ ಕಡೆ, ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದದ ಒಂದು ನೀಲಿ ಗೆರೆ. ಮಂಗಳೂರಿನ ಕಾನ್ವೆಂಟ್ ಶಾಲೆಯೊಂದರಲ್ಲಿ ಓದಿ, ಅಲ್ಲಿಯೇ ಜಾಗ್ರಫಿ ಟೀಚರ್ ಆಗಿ ರಿಟೈರ್ ಆದವಳು ನಾನು. ಆ ಪುಟವನ್ನು ಎಷ್ಟು ಸಲ ತೆರೆದಿರಬಹುದು ಎಂದು ಲೆಕ್ಕವಿಲ್ಲ. ಗೋಧಿಯ ಪ್ರೇರಿ, ಗ್ರೇಟ್ ಲೇಕ್ಸ್, ಸೇಂಟ್ ಲಾರೆನ್ಸ್, ಇಷ್ಟು ಪರೀಕ್ಷೆಗೆ ಬರುತ್ತಿತ್ತು. ಮೇಲಿನ ಭಾಗಕ್ಕೆ ಬಂದಾಗ “ಟಂಡ್ರಾ ಪ್ರದೇಶ, ಜನವಸತಿ ವಿರಳ” ಎಂದು ಒಂದು ವಾಕ್ಯ ಬರೆಸಿ ಪುಟ ಮಗುಚುತ್ತಿದ್ದೆ. ಆ ಒಂದು ವಾಕ್ಯದೊಳಗೆ ನನ್ನ ಅಳಿಯ ಹೋಗಿ ಸೇರಿಕೊಳ್ಳುತ್ತಾನೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮಗಳು ಅಳಿಯ ಇಬ್ಬರೂ ದೋಹಾದಲ್ಲಿದ್ದರು. ಅವಳು ಒಂದು ಕಟ್ಟಡ ಕನ್ಸಲ್ಟೆನ್ಸಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ದಿನವಿಡೀ ಡ್ರಾಯಿಂಗ್‌ಗಳನ್ನು ಬರಮಾಡಿಕೊಳ್ಳುವುದು, ಹೊಸ ನಂಬರ್ ಕೊಡುವುದು, ಹಳೆಯದರ ಮೇಲೆ ಸೀಲ್ ಹೊಡೆಯುವುದು. ಅವನು ಕೆಲಸಗಾರರ ಕ್ಯಾಂಪುಗಳಿಗೆ ಊಟ ಒದಗಿಸುವ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಗಲ್ಫಿನಲ್ಲಿ ಎಷ್ಟು ವರ್ಷವಿದ್ದರೂ ಅದು ನಮ್ಮದಾಗುವುದಿಲ್ಲ ಎಂದು ಆ ಕಾಲದಲ್ಲಿ ನಮ್ಮ ಜನ ಸಾಲುಸಾಲಾಗಿ ಕೆನಡಾಕ್ಕೆ ಅರ್ಜಿ ಹಾಕುತ್ತಿದ್ದರು. ಇವರೂ ಹಾಕಿದರು, ಸಿಕ್ಕಿತು. ಅವನು ಮೊದಲು ಹೋಗಿ ನೆಲೆಯೂರುವುದು, ಇವಳು ಕೆಲಸ ಬಿಡದೆ ಕಾದಿದ್ದು ಆಮೇಲೆ ಹೋಗುವುದು ಎಂದು ಮಾತಾಯಿತು. ಮಗಳು ಒಬ್ಬಳೇ ಆದಳೆಂದು, ಗಂಡನನ್ನು ಕಳೆದುಕೊಂಡು ಊರಿನಲ್ಲಿ ಸುಮ್ಮನೆ ಕೂತಿದ್ದ ನಾನು ದೋಹಾದ ಬಿನ್ ಒಮ್ರಾನ್ ಬಡಾವಣೆಯ ಅವಳ ಫ್ಲಾಟಿಗೆ ಬಂದೆ. ಏಷ್ಯನ್ ಗೇಮ್ಸ್‌ಗೆಂದು ಊರೆಲ್ಲ ಅಗೆದುಹಾಕಿದ್ದ ಸಮಯ ಅದು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಏಸಿಯ ಗೊರಗೊರ.

ಅಳಿಯನಿಗೆ ಉತ್ತರದ ಒಂದು ವಜ್ರದ ಗಣಿಯ ಕ್ಯಾಂಪಿನಲ್ಲಿ ಅಡುಗೆಮನೆಯ ಸ್ಟೋರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. “ಅತ್ತೆ, ಮರಳುಗಾಡಿನಿಂದ ಮರಳುಗಾಡಿಗೆ ಬಂದ ಹಾಗೆ ಉಂಟು. ಇಲ್ಲಿಯೂ ಒಂದು ಮರ ಇಲ್ಲ” ಎಂದು ಫೋನಿನಲ್ಲಿ ನಗುತ್ತಿದ್ದ. “ಆದ್ರೆ ನೀರು! ಎಲ್ಲಿ ನೋಡಿದ್ರೂ ನೀರು. ನಮ್ಮ ಊರಿನವರು ನೋಡಿದ್ರೆ ದೋಣಿ ಇಳಿಸದೆ ಬಿಡಲಿಕ್ಕಿಲ್ಲ.”

ಆ ವರ್ಷದ ಸೆಪ್ಟೆಂಬರ್‌ನಲ್ಲಿ, ರಜೆಯ ಪಾಳಿಯಲ್ಲಿ, ಇಬ್ಬರು ಗೆಳೆಯರ ಜೊತೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಮೀನು ಹಿಡಿಯಲು ಆ ನದಿಗೆ ಹೋದ. ದೋಣಿ ಮಗುಚಿತು. ಗೆಳೆಯರಿಬ್ಬರೂ ದಡ ಸೇರಿದರು. ನೇತ್ರಾವತಿಯ ದಂಡೆಯಲ್ಲಿ ಹುಟ್ಟಿ, ಮಳೆಗಾಲದ ಕೆಂಪು ನೀರಿನಲ್ಲಿ ಆಚೆ ದಡಕ್ಕೆ ಈಜಿ ಬರುತ್ತಿದ್ದವನು ಸೇರಲಿಲ್ಲ. ಆ ನೀರಿನ ಚಳಿ ಈಜು ಬಲ್ಲವನನ್ನೂ ಒಂದೆರಡು ಉಸಿರಿನಲ್ಲಿ ಮರಗಟ್ಟಿಸುತ್ತದಂತೆ. ಪೊಲೀಸರು ವಿಮಾನದಲ್ಲಿ ಹುಡುಕಿದರು, ಡೈವರ್‌ಗಳು ಇಳಿದರು. ಅಷ್ಟರಲ್ಲಿ ನೀರು ಹೆಪ್ಪುಗಟ್ಟತೊಡಗಿತು. ಮಂಜು ಕರಗಿದ ಮೇಲೆ ಮತ್ತೆ ನೋಡುತ್ತೇವೆ ಎಂದು ಅಲ್ಲಿನ ಆಫೀಸರ್ ಬಹಳ ಮೃದುವಾಗಿ ಹೇಳಿದ. ಮಗಳು “ಥ್ಯಾಂಕ್ ಯೂ, ಸರ್” ಎಂದು ಫೋನ್ ಇಟ್ಟಳು. ಮತ್ತೆ ಅದನ್ನೇ ಎತ್ತಿ ಕಿವಿಗೆ ಹಿಡಿದುಕೊಂಡಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಅವನು ಸಿಗಬೇಕು. ಬದುಕಿ ಸಿಗುತ್ತಾನೆ ಎಂದು ಅವಳು ಬಾಯಿ ಬಿಟ್ಟು ಒಮ್ಮೆಯೂ ಹೇಳಲಿಲ್ಲ. ಆದರೆ ನೋಡಲು ಒಂದು ಮುಖ, ಮಣ್ಣು ಹಾಕಲು ಒಂದು ಪೆಟ್ಟಿಗೆ, ಆಮೇಲೆ ಹೋಗಿ ನಿಲ್ಲಲು ಒಂದು ಜಾಗ. ಅದು ಆಗುವವರೆಗೆ ತಾನು ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ ಎಂಬಂತೆ ಅವಳು ಆಫೀಸಿಗೆ ಹೋಗಿಬರುತ್ತಿದ್ದಳು.

ಅಳಿವೆಯ ವಿಷಯ ಎತ್ತಿದವರು ಅವಳ ಅತ್ತೆ. ಮಗಳು ಅವರನ್ನು ನಮ್ಮ ಕೊಂಕಣಿಯ ರೂಢಿಯಂತೆ ಮಾಂಯ್ ಎನ್ನುತ್ತಾಳೆ. ನೇತ್ರಾವತಿಯೂ ಗುರುಪುರ ಹೊಳೆಯೂ ಸೇರಿ ಕಡಲಿಗೆ ಬೀಳುವ ಅಳಿವೆ ಬಾಗಿಲಿನ ಹತ್ತಿರವೇ ಅವರ ಮನೆ. ಹೊಳೆ ಏನನ್ನು ತೆಗೆದುಕೊಂಡರೂ ಕೊನೆಗೆ ಅಲ್ಲಿಗೆ ತಂದುಹಾಕುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬೆಳೆದವರು. ತೆಂಗಿನ ಗರಿ, ಕರು, ಮನುಷ್ಯ.

“ಅಳಿವೆಯಲ್ಲಿ ಜನ ನಿಲ್ಲಿಸಿದ್ದಾರಾ ಕೇಳಿ ಟೀಚರ್” ಎಂದು ಅವರು ಫೋನಿನಲ್ಲಿ ನನ್ನನ್ನೇ ಒತ್ತಾಯಿಸಿದರು. “ನಮ್ಮಲ್ಲಿ ಮೂರನೇ ದಿನಕ್ಕೆ ಬರ್ತದೆ. ಅಲ್ಲಿ ದೊಡ್ಡ ಹೊಳೆ ಅಂತೀರಿ, ಒಂದು ತಿಂಗಳು ಹಿಡೀಲಿ. ಪೊಲೀಸರು ಬಿದ್ದ ಜಾಗದಲ್ಲಿ ಹುಡುಕಿದ್ರೆ ಎಂತ ಪ್ರಯೋಜನ? ಬಿದ್ದ ಜಾಗದಲ್ಲಿ ಯಾರಾದ್ರೂ ಸಿಗ್ತಾರಾ? ಆ ಬಿಳಿಯರಿಗೆ ಹೊಳೆಯ ಬುದ್ಧಿ ಗೊತ್ತಿಲ್ಲ.”

“ಅದು ತುಂಬ ಉದ್ದದ ನದಿ...” ಎಂದೆ.

“ಉದ್ದ ಆದ್ರೆ ಎಂತ? ಕಡಲಿಗೇ ಹೋಗಬೇಕಲ್ಲ?”

ಹೌದು, ಕಡಲಿಗೇ ಹೋಗುತ್ತದೆ. ಸ್ಪೀಕರ್‌ನಲ್ಲಿ ಕೇಳುತ್ತಿದ್ದ ಮಗಳು ತಲೆ ಎತ್ತಿದಳು. ಎಷ್ಟೋ ವಾರಗಳ ನಂತರ ಅವಳ ಕಣ್ಣು ಯಾವುದರ ಮೇಲಾದರೂ ನಿಂತದ್ದು ಅದೇ ಮೊದಲು.

ಮರುದಿನ ಆಫೀಸಿನಿಂದ ಬರುವಾಗ ಒಂದು ಉದ್ದನೆಯ ಸುರುಳಿ ತಂದಳು. ಇಂಟರ್ನೆಟ್ಟಿನಿಂದ ಕೆನಡಾದ ಮ್ಯಾಪ್ ಶೀಟುಗಳನ್ನು ತೆಗೆದು, ಕಟ್ಟಡದ ಡ್ರಾಯಿಂಗ್ ಹಾಕುವ ದೊಡ್ಡ ಪ್ಲಾಟರ್ ಮೆಷಿನ್ನಿನಲ್ಲಿ ಪ್ರಿಂಟ್ ಹಾಕಿಸಿದ್ದಳು. ಹಾಲ್‌ನ ಗೋಡೆಗೆ, ಸೋಫಾದ ಮೇಲೆ ಹತ್ತಿ, ಟೇಪ್ ಹಚ್ಚಿ ಹಾಳೆಗೆ ಹಾಳೆ ಜೋಡಿಸಿದಳು. ನನ್ನ ಉಗುರಿನಷ್ಟಿದ್ದ ಗೆರೆ ಈ ಗೋಡೆಯ ಮೂಲೆಯಿಂದ ಆ ಬಾಗಿಲಿನ ಚೌಕಟ್ಟಿನವರೆಗೆ ಬಂತು.

“ಮಮ್ಮಿ, ಈ ನದಿ ನನಗೆ ಕಲಿಸಿ. ಕ್ಲಾಸಿನಲ್ಲಿ ಕಲಿಸಿದ ಹಾಗೆ. ಸೋರ್ಸ್‌ನಿಂದ ಮೌತ್ ತನಕ.”

ನಾನು ಕಲಿಸಿದ ಮಕ್ಕಳಲ್ಲಿ ಅವಳೂ ಒಬ್ಬಳು. ಕ್ಲಾಸಿನಲ್ಲಿ ಅವಳೂ ನನ್ನನ್ನು “ಮಿಸ್” ಎನ್ನಬೇಕಿತ್ತು. ನದಿಯನ್ನು ಕಲಿಸಲು ನಮ್ಮ ಸಿಸ್ಟರ್‌ಗಳು ನಮಗೆ ಕೊಟ್ಟ ಕ್ರಮ ಒಂದಿತ್ತು. ಮೊದಲು ಉಗಮ, ಆಮೇಲೆ ಅಪ್ಪರ್ ಕೋರ್ಸ್, ಮಿಡ್ಲ್ ಕೋರ್ಸ್, ಲೋವರ್ ಕೋರ್ಸ್, ಕೊನೆಗೆ ಅಳಿವೆ. ಎಡದಂಡೆ ಬಲದಂಡೆ ಹೇಳುವಾಗ ನದಿ ಹೋಗುವ ಕಡೆಗೆ ಮುಖ ಮಾಡಿ ನಿಂತಿದ್ದೇವೆ ಎಂದು ಭಾವಿಸಬೇಕು, ಎದುರು ನಿಂತಲ್ಲ. ಮಕ್ಕಳು ಯಾವಾಗಲೂ ತಪ್ಪುತ್ತಿದ್ದುದು ಅಲ್ಲಿಯೇ.

ಅಂದಿನಿಂದ ಸಂಜೆ ಅವಳು ಚಾ ಕುಡಿದಾದ ಮೇಲೆ ನಮ್ಮ ಪಾಠ ಶುರುವಾಯಿತು.

ಉಗಮ ಲಾಕ್ ದ ಗ್ರಾ ಎಂಬ ದೊಡ್ಡ ಸರೋವರ. ಅದು ಫ್ರೆಂಚ್ ಹೆಸರು, ಕೊಬ್ಬಿನ ಸರೋವರ ಎಂದಂತೆ. ವಜ್ರದ ಗಣಿಗಳು ಇರುವುದೂ ಅದರ ಸುತ್ತಲೇ. ಮರಗಳಿಲ್ಲದ ಬಯಲು, ಬಂಡೆ, ಪಾಚಿ, ಎಣಿಸಲಾಗದಷ್ಟು ಕೆರೆಗಳು. ಅಲ್ಲಿಂದ ನೀರು ಪಶ್ಚಿಮಕ್ಕೆ ಹೊರಡುತ್ತದೆ. ನಮ್ಮ ನದಿಗಳ ಹಾಗೆ ಅದು ಘಟ್ಟದಿಂದ ಧುಮುಕಿ ಒಂದೇ ಉಸಿರಿಗೆ ಕಡಲಿಗೆ ಓಡುವುದಿಲ್ಲ. ಒಂದು ಸರೋವರಕ್ಕೆ ಇಳಿಯುತ್ತದೆ, ಅದನ್ನು ತುಂಬುತ್ತದೆ, ತುಂಬಿ ಚೆಲ್ಲಿದ್ದು ಮುಂದಿನದಕ್ಕೆ ಇಳಿಯುತ್ತದೆ. ಎರಡು ಸರೋವರಗಳ ನಡುವೆ ಇರುವ ತುಂಡನ್ನಷ್ಟೇ ನೋಡಿ ನದಿ ಎನ್ನಬೇಕು. ಹಾಗೆ ದಾಟುವ ಒಂದು ಸರೋವರದ ಹೆಸರು ಪ್ರಾವಿಡೆನ್ಸ್. ದೇವರ ಪಾಲನೆ ಎಂದು ನಮ್ಮ ಕೆಟಕಿಸಂ, ಅಂದರೆ ಧರ್ಮೋಪದೇಶದ, ಪುಸ್ತಕದಲ್ಲಿದ್ದ ಅದೇ ಮಾತು. ಅದನ್ನು ಬಿಟ್ಟು ಕೆಳಗಿಳಿದು, ಪಾಯಿಂಟ್ ಲೇಕ್ ಎಂಬ ಮುಂದಿನ ಸರೋವರ ಸೇರುವ ಮೊದಲಿನ ರಭಸದ ನೀರಿನಲ್ಲಿ ದೋಣಿ ಮಗುಚಿದ್ದು.

ಮಗಳು ಆ ಜಾಗದ ಸುತ್ತ ಕೆಂಪು ಪೆನ್ನಿನಿಂದ ಅಂಕುಡೊಂಕಾದ ಮೋಡದಂಥ ಗೆರೆ ಎಳೆದಳು. ಅವರ ಆಫೀಸಿನಲ್ಲಿ ಡ್ರಾಯಿಂಗಿನ ಯಾವ ಭಾಗ ಇನ್ನೂ ತೀರ್ಮಾನವಾಗಿಲ್ಲವೋ ಅದಕ್ಕೆ ಹಾಗೆ ಕ್ಲೌಡ್ ಹಾಕುತ್ತಾರೆ.

ಪಾಯಿಂಟ್ ಲೇಕ್ ಸಣ್ಣದಲ್ಲ. ನಮ್ಮ ಗೋಡೆಯ ಮೇಲೆ ಅದು ಸೋಫಾದ ಒಂದು ತೋಳಿನಿಂದ ಇನ್ನೊಂದರವರೆಗೆ ಮಲಗಿತ್ತು, ಕೈಕಾಲು ಚಾಚಿಕೊಂಡು. ಅದರ ಎದುರು ಬಂದಾಗ ನನ್ನ ಬೆರಳು ಅಲ್ಲಿಯೇ ನಿಂತಿತು. ನದಿಯ ಹಾದಿಯಲ್ಲಿ ಸರೋವರ ಬಂದರೆ ಏನಾಗುತ್ತದೆ ಎಂಬುದು ಒಂಬತ್ತನೆಯ ಕ್ಲಾಸಿನ ಪ್ರಶ್ನೆ. ಉತ್ತರ: ಪ್ರವಾಹದ ವೇಗ ಕುಂದುತ್ತದೆ, ನದಿ ಹೊತ್ತು ತಂದದ್ದೆಲ್ಲ ತಳಕ್ಕೆ ಇಳಿಯುತ್ತದೆ, ಹೊರಬೀಳುವ ನೀರು ತಿಳಿಯಾಗಿರುತ್ತದೆ. ಎಷ್ಟು ಬ್ಯಾಚುಗಳಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೇನೆ. ನನ್ನ ಮಗಳಿಗೂ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನೆನಪಿತ್ತು. ಅವಳ ತುಟಿ ಸಹ ಅಲುಗಿದಂತೆ ನನಗೆ ಕಂಡಿತು.

“ನೆಕ್ಸ್ಟ್” ಎಂದಳು. “ಪಾಯಿಂಟ್ ಲೇಕ್ ಆದ ಮೇಲೆ?”

ನಾವಿಬ್ಬರೂ ಆ ಸರೋವರವನ್ನು ಹಾರಿ ದಾಟಿದೆವು. ರೆಡ್‌ರಾಕ್, ರಾಕ್‌ನೆಸ್ಟ್ ಎಂದು ಇನ್ನೂ ಸರೋವರಗಳಿದ್ದವು, ಅವನ್ನೂ ಹಾರಿದೆವು. ಹಾರಿ ಬಿದ್ದ ಮೇಲೆ ನದಿ ನಿಜವಾಗಿ ನದಿಯಾಗುತ್ತದೆ, ಉತ್ತರಕ್ಕೆ ತಿರುಗುತ್ತದೆ. ನಕ್ಷೆಯಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಹತ್ತುತ್ತಿರುವಂತೆ ಕಾಣುತ್ತದೆ. ಒಂದು ವಿಚಿತ್ರವೂ ಉಂಟು. ಉಗಮದ ಕಡೆ ಒಂದು ಮರವಿಲ್ಲ, ಉತ್ತರಕ್ಕೆ ಹೋದ ಹಾಗೆ ಕಣಿವೆಯ ಆಶ್ರಯದಲ್ಲಿ ಸ್ಪ್ರೂಸ್ ಮರಗಳು ಕಾಣಿಸಿಕೊಳ್ಳುತ್ತವೆ. ಚಳಿ ಹೆಚ್ಚಾಗುವ ಕಡೆ ಮರ! ಇದನ್ನು ಹೇಳುವಾಗ ನನ್ನ ದನಿಯಲ್ಲಿ ಹಳೆಯ ಟೀಚರ್ ಬಂದುಬಿಟ್ಟಳು, ಮಗಳೂ ಆಸೆಯಿಂದ ಕೇಳಿದಳು. ಆ ಒಂದು ಸಂಜೆ, ಅವಳ ಗಂಡನನ್ನು ನುಂಗಿದ ನದಿ ಇದೇ ಎಂಬುದನ್ನು ನಾವಿಬ್ಬರೂ ಮರೆತೆವೋ ಏನೋ.

ಎಡದಂಡೆಯಿಂದ ಕೆಂಡಲ್ ಎಂಬ ಉಪನದಿ ಬಂದು ಸೇರುತ್ತದೆ. ಅದು ಹೊರಡುವ ಸರೋವರಗಳ ಹೆಸರು ಓದಿ ಅವಳು ನಕ್ಕುಬಿಟ್ಟಳು.

“ಡಿಸ್ಮಲ್ ಲೇಕ್ಸ್! ಮಂಕು ಕವಿದ ಸರೋವರ! ಮಮ್ಮಿ, ಹೆಸರಿಡಲಿಕ್ಕೆ ಇವರಿಗೆ ಬೇರೆ ಎಂತದೂ ಸಿಗಲಿಲ್ವಾ?”

“ಹೊಟ್ಟೆಗೆ ಇಲ್ಲದವರು ಇಟ್ಟ ಹೆಸರಾಗಿರಬೇಕು” ಎಂದೆ.

ಮುಂದೆ ಕಲ್ಲಿನ ಇಕ್ಕಟ್ಟುಗಳು, ರಭಸದ ನೀರು, ಕಡಲಿಗೆ ಸ್ವಲ್ಪ ಮೊದಲು ಒಂದು ಜಲಪಾತ. ಅದರ ಹೆಸರಿನ ಮೇಲೆ ನಾನು ಕೈ ಇಡುವಷ್ಟರಲ್ಲಿ ಅವಳು ಓದಿಯಾಗಿತ್ತು. ಬ್ಲಡಿ ಫಾಲ್ಸ್. ಹಿಂದೆ ಯಾವಾಗಲೋ ಅಲ್ಲಿ ಜನರನ್ನು ಕೊಂದಿದ್ದರಂತೆ. ಅವಳು ಬೆರಳನ್ನು ಇನ್ನಷ್ಟು ಮೇಲಕ್ಕೆ ಒಯ್ದು, ನದಿ ಆರ್ಕ್ಟಿಕ್ ಕಡಲಿಗೆ ಬೀಳುವ ಜಾಗದ ಮೇಲೆ ಇಟ್ಟಳು. ಅಲ್ಲಿ ಒಂದು ಹಳ್ಳಿ ಉಂಟು. ಆ ನೆಲದ ಮೂಲದವರೇ ಇರುವ ಹಳ್ಳಿ, ಮೀನು ಬೇಟೆ ಅವರ ಬದುಕು.

“ಇದು ಅಳಿವೆ.”

“ಹೌದು.”

“ಇಲ್ಲಿ ಜನ ಇದ್ದಾರೆ. ಮಾಂಯ್ ಹೇಳಿದ್ದು ಸರಿ. ಇಲ್ಲಿ ಕೇಳಬೇಕು.”

ಹಳ್ಳಿಯ ಆಫೀಸಿನ ನಂಬರ್ ಅವಳಿಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ನಮ್ಮ ಸಂಜೆ ಅಂದರೆ ಅವರ ಬೆಳಿಗ್ಗೆ. ಫೋನ್ ಎತ್ತಿದ್ದು ಒಬ್ಬ ಹೆಂಗಸು. ದನಿ ಕೇಳಿದರೆ ನನ್ನ ಪ್ರಾಯದವಳು. ಮಗಳು ಆಫೀಸಿನ ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು.

“ಈಗ ಇಲ್ಲಿ ಎಲ್ಲ ಐಸ್, ಡಿಯರ್” ಎಂದಿತು ಆ ದನಿ. “ನದಿಯ ಮೇಲೆ ಸ್ನೋಮೊಬೈಲ್ ಓಡಿಸ್ತಾರೆ. ಬೇಸಗೆಯಲ್ಲಿ ನಮ್ಮವರು ಬಲೆ ಹಾಕ್ತಾರೆ. ನಾನು ಎಲ್ಲರಿಗೂ ಹೇಳಿಡ್ತೇನೆ.”

ಆ ಚಳಿಗಾಲವಿಡೀ ಮಗಳು ಆ ಹೆಂಗಸಿಗೆ ಫೋನ್ ಮಾಡುತ್ತಲೇ ಇದ್ದಳು. ಕೇಳಲಿಕ್ಕೆ ಹೊಸದೇನೂ ಇರಲಿಲ್ಲ. “ಇನ್ನೂ ಐಸ್” ಎಂದು ಅವಳು ಹೇಳುವುದು, “ಓಕೆ ಮ್ಯಾಮ್” ಎಂದು ಇವಳು ಹೇಳುವುದು. ಒಮ್ಮೆ ಆಕೆ ನಿಮ್ಮ ಕಡೆ ಎಷ್ಟು ಬಿಸಿ ಎಂದು ಕೇಳಿದಳು. ಮಗಳು ಜುಲೈ ತಿಂಗಳ ಸೆಕೆ ಹೇಳಿದಾಗ ಆಕೆ ನಂಬಲಿಲ್ಲ, ಹಿಂದೆ ತಿರುಗಿ ತನ್ನ ಭಾಷೆಯಲ್ಲಿ ಯಾರಿಗೋ ಹೇಳಿದಳು, ಅಲ್ಲಿ ಯಾರೋ ನಕ್ಕರು. “ಅಷ್ಟು ಬಿಸಿಯಲ್ಲಿ ಮನುಷ್ಯರು ಎಂತಕ್ಕೆ ಇರ್ತೀರಿ?” ಎಂದು ಕೇಳಿದಳು. ಮಗಳು “ಕೆಲಸ ಉಂಟಲ್ಲ ಮ್ಯಾಮ್” ಎಂದಳು.

ಫೋನ್ ಕಾರ್ಡ್ ತರುತ್ತಿದ್ದದ್ದು ದೋಹಾ ಅಲ್ ಜದೀದಾದ ಒಂದು ದಿನಸಿ ಅಂಗಡಿಯಿಂದ. ಅಂಗಡಿಯವರು ಉಳ್ಳಾಲ ಕಡೆಯ ಬ್ಯಾರಿ ಸಾಹೇಬರು, ಕುಚ್ಚಲಕ್ಕಿ, ಕೊಡಂಪುಳಿ, ಒಣಮೀನು ಎಲ್ಲ ಇಡುವವರು. ಅವರ ಹೆಣ್ಣುಮಕ್ಕಳು ಊರಿನಲ್ಲಿ ನನ್ನ ಶಾಲೆಯಲ್ಲಿ ಓದಿದವರಾದ್ದರಿಂದ ನಾನು ಅವರಿಗೂ ಟೀಚರ್. ನಾನು ಒಬ್ಬಳೇ ಹೋಗಿದ್ದ ಒಂದು ದಿನ ಅವರು ಸ್ಟೂಲ್ ಎಳೆದು ಕೂರಿಸಿದರು.

“ಟೀಚರ್, ಒಂದು ಮಾತು. ಬೇಜಾರ್ ಮಾಡ್ಬೇಡಿ. ನಮ್ಮಲ್ಲಿ ಮಯ್ಯತ್, ಅಂದ್ರೆ ಹೆಣ, ಎದುರಿಗೆ ಇಲ್ಲದಿದ್ರೂ ನಮಾಜ್ ಮಾಡ್ತಾರೆ. ಎಲ್ಲಿಯೋ ದೂರದಲ್ಲಿ ತೀರಿಹೋದವರಿಗೆ. ನಿಮ್ಮಲ್ಲಿ ಹಾಗೆ ಎಂತದೂ ಇಲ್ವಾ?”

“ಉಂಟು. ಚರ್ಚಿನಲ್ಲಿ ಸತ್ತವರ ಪೂಜೆ ಇಡಿಸಬಹುದು. ಅವಳು ಒಪ್ಪುವುದಿಲ್ಲ.”

“ಒಪ್ಪುವುದು ಹೇಗೆ ಹೇಳಿ” ಎಂದರು ಅವರು. ಕಾರ್ಡಿನ ಕಟ್ಟು ತೆಗೆಯುತ್ತಾ, “ಈ ದೇಶದಲ್ಲಿ ಹೊಳೆ ಬಿಡಿ, ಒಂದು ತೋಡು ಸಹ ಇಲ್ಲ. ನಿಮ್ಮ ಅಳಿಯ ಇಲ್ಲೇ ಇದ್ದಿದ್ರೆ ಆಗ್ತಿತ್ತು. ಹೋಗ್ಲಿ, ಅದು ನಮ್ಮ ಕೈಯಲ್ಲಿ ಇಲ್ಲದ್ದು” ಎಂದು ಕಾರ್ಡ್ ಕೊಟ್ಟರು.

ಆಗ ದೋಹಾದಲ್ಲಿ ನಮಗಿನ್ನೂ ಚರ್ಚ್ ಕಟ್ಟಡವಿರಲಿಲ್ಲ. ಶುಕ್ರವಾರವೇ ನಮ್ಮ ಭಾನುವಾರ. ಒಂದು ಕಾಂಪೌಂಡಿನೊಳಗೆ, ಹೊರಗೆ ಶಿಲುಬೆಯಿಲ್ಲದ ಕಡೆ, ಪೂಜೆ ನಡೆಯುತ್ತಿತ್ತು. ಮೊದಲೇ ಹೋಗಿ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಕೊಟ್ಟರೆ ಪೂಜೆಯ ನಡುವೆ ಓದುತ್ತಿದ್ದರು. ಹೆಸರು ಬರೆದುಕೊಳ್ಳುವ ಹೆಂಗಸು, ಎಲ್ಲರೂ ಬಾಯಿ ಎಂದು ಕರೆಯುವವರು, ಮೊದಲು ಕೇಳುವುದು ಒಂದೇ ಪ್ರಶ್ನೆ: ಬದುಕಿರುವವರಿಗಾಗಿಯೋ, ತೀರಿಹೋದವರಿಗಾಗಿಯೋ. ಪರೀಕ್ಷೆ ಬರೆಯುವ ಮಕ್ಕಳು, ಆಪರೇಷನ್ ಆಗಬೇಕಾದವರು, ಕೆಲಸ ಹೋದವರು ಒಂದು ಕಡೆ. ಆತ್ಮಶಾಂತಿಯವರು ಇನ್ನೊಂದು ಕಡೆ. ಮಗಳು ಪ್ರತಿ ಶುಕ್ರವಾರ ಗಂಡನ ಹೆಸರನ್ನು ಬದುಕಿರುವವರ ಕಡೆಗೆ ಕೊಡುತ್ತಿದ್ದಳು. ಆ ಬಾಯಿ ವಿಷಯ ಗೊತ್ತಿದ್ದೂ ಹಾಗೆಯೇ ಬರೆದುಕೊಳ್ಳುತ್ತಿದ್ದರು.

ಒಮ್ಮೆ ನಾನೇ ಮಗಳ ಹತ್ತಿರ ಮಾತು ತೆಗೆದೆ. “ಮಾಂಯ್‌ಗೆ ಪ್ರಾಯ ಆಯಿತು ಬಾಯ್. ಒಂದು ಪೂಜೆ ಇಟ್ಟರೆ ಅವರಿಗಾದರೂ...”

“ಇಟ್ಟ ಮೇಲೆ ಅವರು ಸಿಕ್ಕಿದ್ರೆ?” ಎಂದಳು. “ಎಂತ ಹೇಳುವುದು? ಸಾರಿ, ಹಳೇ ಡ್ರಾಯಿಂಗ್ ಕ್ಯಾನ್ಸಲ್, ಇದು ಹೊಸದು, ಅಂತಲಾ? ಮಮ್ಮಿ, ಐಸ್ ಕರಗಲಿ. ಅಷ್ಟೆ ನಾನು ಕೇಳುವುದು.”

ಐಸ್ ಕರಗುವ ಕ್ರಮವೂ ಅಲ್ಲಿ ಬೇರೆ. ನಮ್ಮ ಪಾಠದ ಅತಿ ಕಷ್ಟದ ಭಾಗ ಅದು. ಉತ್ತರಕ್ಕೆ ಹರಿಯುವ ನದಿಗಳಲ್ಲಿ ಮೇಲಿನ ನೀರು ಐಸ್‌ನಿಂದ ಬಿಡಿಸಿಕೊಂಡು ಬರುವಾಗ ಕೆಳಗೆ ಅಳಿವೆ ಇನ್ನೂ ಮುಚ್ಚಿರಬಹುದು, ಹಾಗೆಂದು ಪುಸ್ತಕದಲ್ಲಿದೆ. ಇಲ್ಲಿ ಆ ನಿಯಮವೂ ಪೂರ್ತಿ ನಡೆಯುವುದಿಲ್ಲ. ದೊಡ್ಡ ಸರೋವರಗಳು ಎಲ್ಲಕ್ಕಿಂತ ತಡವಾಗಿ ಐಸ್ ಬಿಡುತ್ತವೆ. ನದಿ ಹರಿಯತೊಡಗಿದರೂ ಸರೋವರ ತನ್ನ ಮುಚ್ಚಳ ತೆಗೆಯುವುದಿಲ್ಲ. ದೋಹಾದಲ್ಲಿ ಬಾಲ್ಕನಿಯ ಕಬ್ಬಿಣ ಮುಟ್ಟಲಾಗದಷ್ಟು ಸುಡುವಾಗ, ನೀರಿನ ಟ್ಯಾಂಕರ್ ಕೆಳಗೆ ನಿಂತು ಬಿಲ್ಡಿಂಗಿನ ಟ್ಯಾಂಕಿ ತುಂಬುತ್ತಿರುವಾಗ, ನಾವಿಬ್ಬರೂ ಗೋಡೆಯ ಎದುರು ಕೂತು ಪಾಯಿಂಟ್ ಲೇಕ್‌ನ ಐಸ್ ಇವತ್ತು ಎಲ್ಲಿವರೆಗೆ ಒಡೆದಿರಬಹುದು ಎಂದು ಮಾತಾಡುತ್ತಿದ್ದೆವು. ನಲ್ಲಿ ತಿರುಗಿಸಿದರೆ ತಣ್ಣೀರಿನ ಕಡೆಯಿಂದಲೂ ಬಿಸಿನೀರೇ ಬರುತ್ತಿತ್ತು. ಅವಳು ಮುಖ ತೊಳೆದುಕೊಂಡು ಬಂದು ಮತ್ತೆ ನಕ್ಷೆಯ ಎದುರು ಕೂರುತ್ತಿದ್ದಳು.

ಐಸ್ ಕರಗಿತು. ಪೊಲೀಸರು ಹೇಳಿದಂತೆ ಮತ್ತೆ ದೋಣಿ ಇಳಿಸಿದರು, ದಂಡೆಗಳನ್ನೆಲ್ಲ ವಿಮಾನದಿಂದ ನೋಡಿದರು. ಅವನ ಒಂದು ರಬ್ಬರ್ ಬೂಟ್, ನದಿ ಪಾಯಿಂಟ್ ಲೇಕ್‌ಗೆ ಬೀಳುವ ಕಡೆ ಕಲ್ಲುಗಳ ನಡುವೆ ಸಿಕ್ಕಿತು. ಮತ್ತೇನೂ ಇಲ್ಲ. ಅಷ್ಟು ಆಳದಲ್ಲಿ, ಅಷ್ಟು ಚಳಿಯ ನೀರಿನಲ್ಲಿ, ಸಾಧಾರಣವಾಗಿ ಮೇಲೆ ಬರುವುದಿಲ್ಲ ಎಂದು ಆಫೀಸರ್ ಈ ಸಲ ಸ್ಪಷ್ಟವಾಗಿಯೇ ಹೇಳಿದ. ನಮ್ಮ ಊರಿನ ಬೆಚ್ಚಗಿನ ಹೊಳೆ ಮೂರನೇ ದಿನ ಎತ್ತಿ ಕೊಡುವುದನ್ನು ಆ ನೀರು ಎತ್ತುವುದಿಲ್ಲ.

ಮಗಳು ಕೂಡಲೇ ಅಳಿವೆಯ ಹೆಂಗಸಿಗೆ ಫೋನ್ ಮಾಡಿದಳು. ಆಕೆಗೂ ಕಾದು ಕಾದು ಸಾಕಾಗಿತ್ತೇನೋ, ಅಥವಾ ಪ್ರೀತಿ ಬೆಳೆದಿತ್ತೇನೋ, ಬಹಳ ಮಾತಾಡಿದಳು. ನದಿ ತೆರೆದಿದೆ. ಚಾರ್ ಎಂಬ ಮೀನು ಬರುತ್ತಿದೆ. ಎಲ್ಲರ ಬಲೆಗಳೂ ನೀರಿನಲ್ಲಿವೆ. ತನ್ನ ಮಗನೇ ಜಲಪಾತದವರೆಗೆ ದೋಣಿಯಲ್ಲಿ ಹೋಗಿಬಂದ.

“ಏನಾದ್ರೂ ಕಂಡ್ರಾ, ಮ್ಯಾಮ್?”

“ಇಲ್ಲ ಡಿಯರ್. ನೀರು ಬಹಳ ತಿಳಿ ಉಂಟು ಈ ವರ್ಷ. ತಳದ ಕಲ್ಲೂ ಕಾಣ್ತದೆ.”

ಆಕೆ ಸಮಾಧಾನಕ್ಕೆಂದು ಹೇಳಿದ್ದು. ಮಗಳು ಫೋನ್ ಇಟ್ಟು ನನ್ನ ಕಡೆ ತಿರುಗಿದಳು. ಕ್ಲಾಸಿನಲ್ಲಿ ಎದ್ದು ನಿಂತು ಉತ್ತರ ಹೇಳುವವರ ದನಿಯಲ್ಲಿ, “ಹೊರಬೀಳುವ ನೀರು ತಿಳಿಯಾಗಿರುತ್ತದೆ” ಎಂದಳು. ಆಮೇಲೆ “ಖಲಾಸ್” ಎಂದಳು. ಇಷ್ಟು ತಿಂಗಳು ನಾವಿಬ್ಬರೂ ಹಾರಿ ಹಾರಿ ದಾಟಿದ್ದ ಸರೋವರ ಗೋಡೆಯ ಮೇಲೆ ಅಲ್ಲಿಯೇ ಮಲಗಿತ್ತು.

ಅವಳು ಅಳಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಹಾಗಾದರೂ ಇದು ಮುಗಿಯಿತೇನೋ ಎಂದು ನಾನು ಅಂದುಕೊಂಡೆ. ಮನಸ್ಸಿನ ಒಂದು ಮೂಲೆಯಲ್ಲಿ ಹಗುರವೂ ಆಯಿತು.

ಸೆಪ್ಟೆಂಬರ್‌ನಲ್ಲಿ ಮತ್ತೆ ಪ್ರಶ್ನೆ ಬಂತು. ಅವಳು ಆಫೀಸಿನಲ್ಲಿ ಏನೋ ಓದಿದ್ದಳು.

“ಮಮ್ಮಿ, ಸರೋವರದ ನೀರು ಮಗುಚುತ್ತದಂತೆ ಹೌದಾ? ವರ್ಷಕ್ಕೆ ಎರಡು ಸಲ? ಮೇಲಿನದು ಕೆಳಗೆ, ಕೆಳಗಿನದು ಮೇಲೆ?”

ಹೌದು, ಅದು ನಿಜ. ಟರ್ನೋವರ್ ಎನ್ನುತ್ತಾರೆ. ನೀರು ನಾಲ್ಕು ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಚಳಿ ಬೀಳುವಾಗ ಮೇಲಿನ ನೀರು ತಣ್ಣಗಾಗಿ, ಭಾರವಾಗಿ, ತಳಕ್ಕೆ ಇಳಿಯುತ್ತದೆ; ತಳದ್ದು ಮೇಲೆ ಬರುತ್ತದೆ. ಇನ್ನೂ ತಣ್ಣಗಾದರೆ ಮೇಲೆಯೇ ನಿಂತು ಐಸ್ ಆಗುತ್ತದೆ. ಅದರ ಕೆಳಗೆ ಚಳಿಗಾಲವಿಡೀ ತಳ ನಾಲ್ಕು ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಮೀನುಗಳು ಬದುಕುವುದು ಅದರಿಂದಲೇ. ದೇವರ ವಿವೇಕಕ್ಕೆ ಉದಾಹರಣೆಯೆಂದು ನಮ್ಮ ಸಿಸ್ಟರ್ ಇದನ್ನು ಹೇಳುತ್ತಿದ್ದರು, ನಾನೂ ಹಾಗೆಯೇ ಹೇಳಿಕೊಟ್ಟಿದ್ದೆ.

ಅವಳ ಕಣ್ಣು ಮಾಂಯ್‌ರ ಮಾತು ಕೇಳಿದ ದಿನದಂತೆ ನನ್ನ ಮೇಲೆ ನಿಂತಿತ್ತು. “ಹಾಗಾದ್ರೆ ತಳದಲ್ಲಿದ್ದದ್ದು?”

“ನೀರು ಮಾತ್ರ, ಬಾಯ್” ಎಂದೆ. “ಮಗುಚುವುದು ನೀರು ಮಾತ್ರ.”

“ಮತ್ತೆ ಬೇರೆ ಎಲ್ಲ?”

“ಇದ್ದಲ್ಲೇ ಇರುತ್ತದೆ.”

ಅವಳು ತಲೆಯಾಡಿಸಿದಳು. ಸೋಫಾದ ಮೇಲೆ ಹತ್ತಿ ಟೇಪ್‌ಗಳನ್ನು ಒಂದೊಂದಾಗಿ ಕಿತ್ತಳು, ಬಣ್ಣ ಏಳದಂತೆ ಜೋಪಾನವಾಗಿ, ಬಾಡಿಗೆಯ ಗೋಡೆ. ಹಾಳೆಗಳನ್ನು ಸುರುಳಿ ಸುತ್ತುತ್ತಾ, “ಮಾಂಯ್‌ಗೆ ಹೇಳಿ. ಊರಿನಲ್ಲಿ ಪೂಜೆ ಇಡಲಿ. ಇಲ್ಲಿ ಶುಕ್ರವಾರ ನಾನೇ ಹೆಸರು ಕೊಡ್ತೇನೆ” ಎಂದಳು.

ಊರಿನಲ್ಲಿ ಮಾಂಯ್ ಅವನ ಮದುವೆಯ ಕೋಟನ್ನು ಪೆಟ್ಟಿಗೆಯಲ್ಲಿಟ್ಟು, ಗಂಟೆ ಹೊಡೆಸಿ, ಸಮಾಧಿ ಮಾಡಿಸಿದರು. ಅಳಿವೆಯ ಗಾಳಿ ಬರುವ ಸಿಮೆಟ್ರಿ ಅದು. ಫೋನಿನಲ್ಲಿ ಆ ದಿನ ಅವರು ಬಹಳ ಶಾಂತವಾಗಿದ್ದರು. “ನನ್ನ ಕೆಲಸ ಆಯಿತು ಟೀಚರ್” ಎಂದರು.

ಇಲ್ಲಿ ಆ ಶುಕ್ರವಾರ ಮಗಳು ಮೇಜಿನ ಮುಂದೆ ನಿಂತು ಗಂಡನ ಹೆಸರನ್ನು ತೀರಿಹೋದವರ ಕಡೆ ಬರೆಸಿದಳು. ಪೂಜೆಯಲ್ಲಿ ಓದುವವನು ಹೊಸಬ, ಹೆಸರುಗಳ ಸಾಲನ್ನು ಅವಸರದಲ್ಲಿ ಮುಗಿಸಿದ. ಆರೇಳು ಹೆಸರುಗಳ ಮಧ್ಯೆ ಅವನದೂ ಬಂದು ಹೋಯಿತು. “ಪ್ರಭುವೇ, ನಮ್ಮ ಪ್ರಾರ್ಥನೆ ಆ‌ಲಿಸು” ಎಂದು ಜನರೆಲ್ಲ ಒಟ್ಟಿಗೆ ಹೇಳಿದಾಗ ಅವಳ ದನಿ ಸೇರಲಿಲ್ಲ. ನಾನು ಹೇಳಿದೆ. ಹೇಳಿದ್ದಕ್ಕೆ ನನ್ನ ಎದೆಯೊಳಗೆ ಯಾವ ಉತ್ತರವೂ ಬರಲಿಲ್ಲ. ಇಷ್ಟು ವರ್ಷದ ನಂಬಿಕೆ ಅದು, ಎಲ್ಲಿ ಹೋಯಿತು ಎಂದು ಹುಡುಕಲು ಧೈರ್ಯವಾಗಲಿಲ್ಲ. ಹೊರಗೆ ಬಂದಾಗ ಕಾರಿನ ಸೀಟು ಸುಡುತ್ತಿತ್ತು.

ಆ ವಾರವಿಡೀ ಅವಳು ಚೆನ್ನಾಗಿಯೇ ಇದ್ದಳು. ಆಫೀಸಿಗೆ ಹೋದಳು, ಬಂದಳು, ನನ್ನ ಬಿಪಿ ಮಾತ್ರೆ ತಂದುಕೊಟ್ಟಳು. ನಕ್ಷೆ ಇದ್ದ ಗೋಡೆಯಲ್ಲಿ ಟೇಪಿನ ಗುರುತುಗಳು ಉಳಿದಿದ್ದವು, ಅವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು.

ಮುಂದಿನ ಶುಕ್ರವಾರ ಮತ್ತೆ ಮೊದಲೇ ಹೊರಡುವಾ ಎಂದಳು. ಬಾಗಿಲ ಬಳಿಯ ಮೇಜಿನಲ್ಲಿ ಅದೇ ಬಾಯಿ ಕೂತಿದ್ದರು. ಮಗಳು ಗಂಡನ ಹೆಸರು ಹೇಳಿದಳು. ಅವರು ತಾವಾಗಿಯೇ ತೀರಿಹೋದವರ ಕಡೆ ಪೆನ್ನು ಇಟ್ಟರು.

“ಅಲ್ಲಿ ಅಲ್ಲ” ಎಂದಳು ಮಗಳು. “ಮೊದಲಿನ ಹಾಗೆ. ಬದುಕಿರುವವರಲ್ಲಿ.”

ಆ ಬಾಯಿ ಪೆನ್ನು ಎತ್ತಿ ನನ್ನ ಮುಖ ನೋಡಿದರು. ಹಿಂದೆ ಕ್ಯೂ ಬೆಳೆಯುತ್ತಿತ್ತು.

“ಅವಳು ಹೇಳಿದ ಹಾಗೆ ಬರೆಯಿರಿ” ಎಂದೆ.